ಕಾರ್ ಲೋನ್ ತಗೊಳ್ಳೋರು ಪದೇ ಪದೇ ಕೇಳೋ ಪ್ರಶ್ನೆಗಳು: ಕಂತು ನೋಡಿ ಸೈನ್ ಹಾಕೋ ಮುಂಚೆ ಒಂದ್ಸಲ ಓದ್ಕೊಳ್ಳಿ

ಬ್ಯಾಂಕಿನ ಲೋನ್ ಸೆಕ್ಷನ್‌ನಲ್ಲಿ ಬಹಳ ವರ್ಷ ಕೂತಿದ್ದವನು ನಾನು. ಈಗಲೂ ನೆಂಟರು, ಪಕ್ಕದ ಬೀದಿಯವ್ರು, ಹಳೇ ಕಸ್ಟಮರ್‌ಗಳು ಕಾರ್ ಬುಕ್ ಮಾಡೋ ಮುಂಚೆ ಫೋನ್ ಮಾಡ್ತಾರೆ, ಕೆಲವ್ರು ಬುಕ್ ಮಾಡಿದ್ಮೇಲೆ ಮಾಡ್ತಾರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ, ಹಾಗಾಗಿ ಎಲ್ಲಾನೂ ಒಂದೇ ಕಡೆ ಬರೆದಿಡ್ತಿದ್ದೀನಿ. ಶೋರೂಂನಲ್ಲಿ ನಿಮಗೆ ತೋರ್ಸೋದು ತಿಂಗಳ ಕಂತು. ನೀವು ಕೇಳ್ಬೇಕಾಗಿರೋದು ಸಾಲ ಮುಗಿಯೋ ಹೊತ್ತಿಗೆ ನನ್ನ ಜೇಬಿಂದ ಒಟ್ಟು ಎಷ್ಟು ಹೋಗಿರುತ್ತೆ ಅಂತ.

ನನ್ನ ಸಂಬಳಕ್ಕೆ ಎಷ್ಟು ಲೋನ್ ಸಿಗುತ್ತೆ?

ಸಿಗೋದು ಬೇರೆ, ತೀರ್ಸೋಕಾಗೋದು ಬೇರೆ. ಬ್ಯಾಂಕ್‌ನವ್ರು ನಿಮ್ಮ ಕೈಗೆ ಬರೋ ಸಂಬಳ ನೋಡ್ತಾರೆ, ಈಗಾಗ್ಲೇ ಕಟ್ತಿರೋ ಕಂತುಗಳು ಮತ್ತೆ ಹೊಸ ಕಾರಿನ ಕಂತು ಎಲ್ಲಾ ಸೇರಿ ಸಾಮಾನ್ಯವಾಗಿ ಅದರ ಅರ್ಧ ದಾಟಬಾರ್ದು ಅಂತ ಲೆಕ್ಕ ಹಾಕ್ತಾರೆ. ಆದ್ರೆ ಅವರ ಲೆಕ್ಕದಲ್ಲಿ ನಿಮ್ಮ ಮಕ್ಕಳ ಸ್ಕೂಲ್ ಫೀಸ್ ಇರಲ್ಲ, ಊರಿಗೆ ಅಪ್ಪ ಅಮ್ಮಂಗೆ ಕಳ್ಸೋ ದುಡ್ಡು ಇರಲ್ಲ, ಚೀಟಿ ಕಟ್ಟೋದು ಇರಲ್ಲ. ಕಾರ್ ಬಂದ್ಮೇಲೆ ಪೆಟ್ರೋಲು, ಸರ್ವೀಸು, ವರ್ಷಾವರ್ಷ ಇನ್ಶೂರೆನ್ಸು, ಬೆಂಗಳೂರಲ್ಲಾದ್ರೆ ಪಾರ್ಕಿಂಗ್ ಬಾಡಿಗೆ, ಇದೆಲ್ಲಾ ಕಂತಿನ ಮೇಲೆ ಬರೋದು. ನಾನು ಎಲ್ಲರಿಗೂ ಹೇಳೋದು ಒಂದೇ, ಕಾರ್ ತಗೊಳ್ಳೋಕೆ ಮುಂಚೆ ಒಂದು ನಾಲ್ಕೈದು ತಿಂಗಳು ಆ ಕಂತು ಪ್ಲಸ್ ಪೆಟ್ರೋಲ್ ದುಡ್ಡನ್ನ ಸಂಬಳ ಬಂದ ದಿನಾನೇ ಆರ್‌ಡಿಗೆ ಹಾಕಿ ನೋಡಿ. ಒಂದು ತಿಂಗಳೂ ಕೈ ಸಾಲ ಮಾಡ್ದೆ ಮನೆ ನಡೀತು ಅಂದ್ರೆ ಧೈರ್ಯವಾಗಿ ತಗೊಳ್ಳಿ, ಆ ಆರ್‌ಡಿ ದುಡ್ಡೂ ಡೌನ್‌ಪೇಮೆಂಟ್‌ಗೆ ಆಗುತ್ತೆ.

ಎಕ್ಸ್-ಶೋರೂಂ 8 ಲಕ್ಷ ಅಂದ್ರು, ಆನ್-ರೋಡ್ ಕೇಳಿದ್ರೆ ಹತ್ತಕ್ಕೆ ಹತ್ರ ಹೇಳ್ತಿದಾರೆ, ಮೋಸ ಏನಾದ್ರೂ ಇದ್ಯಾ?

ಬಹುಪಾಲು ಟ್ಯಾಕ್ಸು. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರೋ ಕಡೆ ಒಂದು. ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ ಶೇಕಡಾ 13, 5ರಿಂದ 10 ಲಕ್ಷಕ್ಕೆ 14, 10ರಿಂದ 20ಕ್ಕೆ 17, 20 ಲಕ್ಷದ ಮೇಲೆ 18, ಆಮೇಲೆ ಆ ಟ್ಯಾಕ್ಸ್ ಮೇಲೆ ಶೇಕಡಾ 11 ಸೆಸ್ಸು. 8 ಲಕ್ಷದ ಗಾಡಿಗೆ ಟ್ಯಾಕ್ಸ್ 1,12,000, ಸೆಸ್ 12,320, ಅಲ್ಲಿಗೇ ಒಂದೂಕಾಲು ಲಕ್ಷ ಹತ್ರ ಆಯ್ತು. ಮೇಲೆ ಇನ್ಶೂರೆನ್ಸ್ ಒಂದು 40 ಸಾವಿರದ ಆಸುಪಾಸು. ಇಷ್ಟಕ್ಕೇ 9 ಲಕ್ಷ 64 ಸಾವಿರ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸಲ್ಲ. 9.95 ಲಕ್ಷದ ವೇರಿಯಂಟ್‌ಗೂ 10.05 ಲಕ್ಷದ ವೇರಿಯಂಟ್‌ಗೂ ಬೋರ್ಡ್ ಮೇಲೆ 10 ಸಾವಿರ ವ್ಯತ್ಯಾಸ, ಆದ್ರೆ ಟ್ಯಾಕ್ಸ್ 14ರಿಂದ 17ಕ್ಕೆ ಹಾರೋದ್ರಿಂದ ಸೆಸ್ ಸೇರಿ ಟ್ಯಾಕ್ಸ್ ಒಂದರಲ್ಲೇ ಸುಮಾರು 35 ಸಾವಿರ ಜಾಸ್ತಿ ಬೀಳುತ್ತೆ. 10 ಲಕ್ಷ ದಾಟಿದ ಕಾರಿಗೆ ಶೇಕಡಾ 1 ಟಿಸಿಎಸ್ (ಶೋರೂಂನವ್ರು ಮುಂಚೇನೇ ಹಿಡಿದು ಸರ್ಕಾರಕ್ಕೆ ಕಟ್ಟೋ ಇನ್‌ಕಮ್ ಟ್ಯಾಕ್ಸ್) ಕೂಡ ಹಿಡೀತಾರೆ, ಅದನ್ನ ಐಟಿ ರಿಟರ್ನ್ ಹಾಕುವಾಗ ವಾಪಸ್ ಕ್ಲೇಮ್ ಮಾಡ್ಕೋಬಹುದು, ಮರೀಬೇಡಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳಿಗೆ, ಅಂದ್ರೆ 1200 ಸಿಸಿವರೆಗಿನ ಪೆಟ್ರೋಲು, 1500 ಸಿಸಿವರೆಗಿನ ಡೀಸೆಲ್ಲು, ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೇ ರೇಟ್ ಲಿಸ್ಟ್ ಹಿಡ್ಕೊಂಡು ಬಜೆಟ್ ಮಾಡ್ಬೇಡಿ.

ಇನ್ನು ಕೊಟೇಷನ್ ಕೈಗೆ ಕೊಡ್ತಾರಲ್ಲ, ಅದರ ಕೊನೇ ಐದಾರು ಸಾಲು ಬೆರಳಿಟ್ಟು ಓದಿ. ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಎಸೆನ್ಶಿಯಲ್ ಕಿಟ್, ಟೆಫ್ಲಾನ್ ಕೋಟಿಂಗ್, ಎಕ್ಸ್‌ಟೆಂಡೆಡ್ ವಾರಂಟಿ, ರೋಡ್‌ಸೈಡ್ ಅಸಿಸ್ಟೆನ್ಸ್ ಅಂತೆಲ್ಲಾ ಇರುತ್ತೆ. ವಾರಂಟಿ ಬೇಕು ಅನ್ಸಿದ್ರೆ ಇಟ್ಕೊಳ್ಳಿ, ಮಿಕ್ಕಿದ್ದು ಯಾವ್ದು ಕಂಪಲ್ಸರಿ ಅಂತ ಒಂದೊಂದಾಗಿ ಕೇಳಿ. ಕೇಳಿದ ತಕ್ಷಣ ಎರಡು ಮೂರು ಸಾಲು ಪೆನ್ನಲ್ಲಿ ಹೊಡೆದು ಹಾಕ್ತಾರೆ, ಅದು ನೀವೇ ನೋಡ್ತೀರ. ಹೊಡೆದು ಹಾಕ್ದೇ ಇದ್ರೆ ಆ ಟೆಫ್ಲಾನ್ ಕೋಟಿಂಗಿಗೂ ಏಳು ವರ್ಷ ಬಡ್ಡಿ ಕಟ್ತಿರ್ತೀರ, ಯಾಕಂದ್ರೆ ಎಲ್ಲಾ ಸೇರಿಸೇ ಲೋನ್ ಮಾಡಿರ್ತಾರೆ.

ಡೌನ್‌ಪೇಮೆಂಟ್ ಎಷ್ಟು ಕಟ್ಬೇಕು? ಝೀರೋ ಡೌನ್‌ಪೇಮೆಂಟ್ ಒಳ್ಳೇದಲ್ವಾ?

ಆನ್-ರೋಡ್ ಬೆಲೆಯ ಶೇಕಡಾ 85, 90ರವರೆಗೂ ಕೊಡೋ ಬ್ಯಾಂಕುಗಳಿವೆ, ಕೆಲವ್ರು ಎಕ್ಸ್-ಶೋರೂಂ ಪೂರ್ತಿ ಕೊಡ್ತೀವಿ ಅಂತಾರೆ. ಆದ್ರೆ ನೆನಪಿಟ್ಕೊಳ್ಳಿ, ರೋಡ್ ಟ್ಯಾಕ್ಸು, ಇನ್ಶೂರೆನ್ಸಿಗೆ ಹೋದ ದುಡ್ಡು ನಾಳೆ ಕಾರ್ ಮಾರಿದ್ರೆ ವಾಪಸ್ ಬರಲ್ಲ, ಅದಕ್ಕೂ ಸಾಲ ಮಾಡಿದ್ರೆ ಮೊದಲ ದಿನದಿಂದಾನೇ ಸಾಲ ಕಾರಿನ ಬೆಲೆಗಿಂತ ದೊಡ್ಡದು. ಕನಿಷ್ಠ ಆ ಟ್ಯಾಕ್ಸು, ಇನ್ಶೂರೆನ್ಸಿನ ಭಾಗ, ಆಮೇಲೆ ಗಾಡಿ ಬೆಲೆಯಲ್ಲಿ ಒಂದು ಹತ್ತು ಪರ್ಸೆಂಟ್ ಸ್ವಂತ ದುಡ್ಡಲ್ಲಿ ಹಾಕಿ.

ಡೌನ್‌ಪೇಮೆಂಟಿಗೆ ಇನ್ನೊಂದು ಸಾಲ ಮಾಡೋದು ಬೇಡ. ಚೀಟಿ ಬೀಳೋ ಟೈಮಿಗೆ ಕಾರ್ ತಗೊಳ್ಳೋರು ನಮ್ಮ ಕಡೆ ಜಾಸ್ತಿ, ರಿಜಿಸ್ಟರ್ಡ್ ಚೀಟಿ ಆಗಿದ್ದು ಮಿಕ್ಕ ಕಂತು ಕಟ್ಟೋ ಶಕ್ತಿ ಇದ್ರೆ ತೊಂದ್ರೆ ಇಲ್ಲ. ಒಡವೆ ಇಟ್ಟು ತರೋದು ಕೂಡ ನಡೀತದೆ, ಬಡ್ಡಿ ಕಮ್ಮೀನೇ ಇರುತ್ತೆ, ಆದ್ರೆ ಕಾರಿನ ಕಂತು ಕಟ್ಟೋ ಭರದಲ್ಲಿ ಒಡವೆ ಬಿಡಿಸ್ಕೊಳ್ಳೋದು ಮುಂದಕ್ಕೆ ಹೋಗ್ತಾನೇ ಇರುತ್ತೆ, ಕೊನೆಗೆ ಹರಾಜು ನೋಟಿಸ್ ಬಂದಾಗ ಮನೆ ಹೆಂಗಸರು ಅಳೋದನ್ನ ಕೌಂಟರ್ ಆಚೆ ಕೂತು ಬಹಳ ನೋಡಿದೀನಿ, ಆ ನೋವು ಬೇಡ. ಮೊಬೈಲ್ ಆ್ಯಪ್‌ನಲ್ಲಿ ಐದು ನಿಮಿಷಕ್ಕೆ ಸಿಗೋ ಲೋನ್ ಅಂತೂ ಡೌನ್‌ಪೇಮೆಂಟಿಗೆ ಬೇಡವೇ ಬೇಡ. ಅನಿವಾರ್ಯ ಆದ್ರೆ ಆ ಆ್ಯಪ್ ಹಿಂದೆ ಯಾವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿ) ಇದೆ ಅಂತ ಆರ್‌ಬಿಐ ವೆಬ್‌ಸೈಟ್‌ನಲ್ಲಿರೋ ಪಟ್ಟಿಯಲ್ಲಿ ನೋಡಿ. ಡಿಜಿಟಲ್ ಸಾಲಕ್ಕೆ ಕನಿಷ್ಠ ಒಂದು ದಿನದ ಕೂಲಿಂಗ್-ಆಫ್ ಅವಧಿ ಕೊಡ್ಲೇಬೇಕು, ಅಷ್ಟರಲ್ಲಿ ಮನಸ್ಸು ಬದಲಾದ್ರೆ ಅಸಲು ಮತ್ತೆ ಆ ದಿನದ ಬಡ್ಡಿ ಕಟ್ಟಿ ಹೊರಗೆ ಬರಬಹುದು.

ಒಬ್ರು 7 ಪರ್ಸೆಂಟ್ ಅಂತಾರೆ, ಬ್ಯಾಂಕಲ್ಲಿ 9 ಅಂತಾರೆ, 7 ತಾನೇ ಕಮ್ಮಿ?

ಆ 7 ಫ್ಲ್ಯಾಟಾ ರಿಡ್ಯೂಸಿಂಗಾ ಅಂತ ಕೇಳಿ. ಜನ ದುಡ್ಡು ಕಳ್ಕೊಳ್ಳೋ ಜಾಗ ಇದೇ, ಅದಕ್ಕೇ ಲೆಕ್ಕ ಬಿಡಿಸಿ ಹೇಳ್ತೀನಿ. 5 ಲಕ್ಷ ಸಾಲ, 5 ವರ್ಷ, 7 ಪರ್ಸೆಂಟ್ ಫ್ಲ್ಯಾಟ್ ಅಂದ್ರೆ 5 ಲಕ್ಷಕ್ಕೆ ವರ್ಷಕ್ಕೆ 35 ಸಾವಿರ ಬಡ್ಡಿ, ಐದು ವರ್ಷಕ್ಕೆ 1.75 ಲಕ್ಷ, ಒಟ್ಟು 6.75 ಲಕ್ಷ, ತಿಂಗಳಿಗೆ 11,250. ನೀವು ಪ್ರತಿ ತಿಂಗಳು ಅಸಲು ತೀರಿಸ್ಕೊಂಡು ಬರ್ತಿದ್ರೂ ಕೊನೇ ವರ್ಷದಲ್ಲೂ ಅವರು ಪೂರ್ತಿ 5 ಲಕ್ಷದ ಮೇಲೇನೇ ಬಡ್ಡಿ ಹಾಕ್ತಿರ್ತಾರೆ. ಅದೇ 7 ಪರ್ಸೆಂಟ್ ರಿಡ್ಯೂಸಿಂಗ್ (ಬಾಕಿ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ) ಆಗಿದ್ರೆ ಕಂತು 9,901 ಬರುತ್ತೆ. ತಿಂಗಳಿಗೆ 1,349 ವ್ಯತ್ಯಾಸ, ಅರವತ್ತು ತಿಂಗಳಿಗೆ ಹತ್ರ ಹತ್ರ 81 ಸಾವಿರ. ಅಂದ್ರೆ 7 ಫ್ಲ್ಯಾಟ್ ಅನ್ನೋದು ಬ್ಯಾಂಕಿನ ಲೆಕ್ಕದಲ್ಲಿ ಸುಮಾರು 12.5 ಪರ್ಸೆಂಟ್. 9ಕ್ಕೆ ಕೊಡ್ತೀನಿ ಅಂದ ಬ್ಯಾಂಕ್ ಬಿಟ್ಟು 12.5ಕ್ಕೆ ಹೋಗಿ ಸೈನ್ ಹಾಕಿ, ಕಮ್ಮಿಗೆ ಸಿಕ್ತು ಅಂತ ಸ್ವೀಟ್ ಹಂಚಿದವ್ರನ್ನ ನೋಡಿದೀನಿ. ಸೆಕೆಂಡ್ ಹ್ಯಾಂಡ್ ಕಾರು, ಟೂ ವೀಲರ್, ಆಟೋ ಸಾಲಗಳಲ್ಲಿ ಈ ಫ್ಲ್ಯಾಟ್ ಮಾತು ಜಾಸ್ತಿ ಕೇಳಿಸುತ್ತೆ.

ಝೀರೋ ಇಂಟರೆಸ್ಟ್ ಆಫರ್ ನಿಜಾನಾ?

ದುಡ್ಡಿಗೆ ಬಡ್ಡಿ ಇದ್ದೇ ಇರುತ್ತೆ, ಯಾರೋ ಒಬ್ರು ಕಟ್ತಿರ್ತಾರೆ. ಕ್ಯಾಶ್ ಕೊಟ್ರೆ ಎಷ್ಟು ಡಿಸ್ಕೌಂಟ್ ಅಂತ ಕೇಳಿ, ಲೋನಲ್ಲಿ ತಗೊಂಡ್ರೆ ಅದು ಸಿಗಲ್ಲ ಅಂದ್ರೆ ಆ ಡಿಸ್ಕೌಂಟೇ ನಿಮ್ಮ ಬಡ್ಡಿ.

5 ವರ್ಷಕ್ಕೆ ಮಾಡ್ಲಾ 7 ವರ್ಷಕ್ಕೆ ಮಾಡ್ಲಾ?

6 ಲಕ್ಷಕ್ಕೆ 9 ಪರ್ಸೆಂಟ್ ಅಂತ ಇಟ್ಕೊಳ್ಳಿ. 3 ವರ್ಷಕ್ಕಾದ್ರೆ ಕಂತು 19,080, ಒಟ್ಟು ಬಡ್ಡಿ ಸುಮಾರು 87 ಸಾವಿರ. 5 ವರ್ಷಕ್ಕೆ ಕಂತು 12,455, ಬಡ್ಡಿ 1.47 ಲಕ್ಷ. 7 ವರ್ಷಕ್ಕೆ ಕಂತು 9,653, ಬಡ್ಡಿ 2.11 ಲಕ್ಷ. ಕಂತು 2,800 ಇಳಿಸೋಕೆ 64 ಸಾವಿರ ಜಾಸ್ತಿ ಕೊಟ್ಟಂಗಾಯ್ತು. ಇದಕ್ಕಿಂತ ದೊಡ್ಡ ತೊಂದ್ರೆ ಇನ್ನೊಂದಿದೆ, ಮೂರು ವರ್ಷ ಕಳೆದ್ಮೇಲೆ 5 ವರ್ಷದವ್ರಿಗೆ ಬಾಕಿ 2.73 ಲಕ್ಷ ಇರುತ್ತೆ, 7 ವರ್ಷದವ್ರಿಗೆ ಇನ್ನೂ 3.88 ಲಕ್ಷ. ಮನೇಲಿ ಏನೋ ಕಷ್ಟ ಬಂತು, ಕಾರ್ ಮಾರ್ಬೇಕು ಅಂದಾಗ ಆ 1.15 ಲಕ್ಷದ ವ್ಯತ್ಯಾಸ ನಿಮ್ಮನ್ನ ಉಳಿಸ್ಬಹುದು ಅಥವಾ ಸಿಕ್ಕಿಸ್ಬಹುದು. 5 ವರ್ಷದ ಕಂತು ಕಟ್ಟೋಕಾಗಲ್ಲ ಅಂದ್ರೆ ವರ್ಷ ಜಾಸ್ತಿ ಮಾಡೋ ಬದ್ಲು ಒಂದು ಮೆಟ್ಟಿಲು ಕೆಳಗಿನ ಕಾರ್ ನೋಡಿ ಅನ್ನೋದು ನನ್ನ ಅಭಿಪ್ರಾಯ, ಬೇಜಾರಾದ್ರೂ ಹೇಳ್ತೀನಿ.

ಶೋರೂಂನವ್ರೇ ಲೋನ್ ಮಾಡ್ಸಿಕೊಡ್ತಾರಂತೆ, ಬ್ಯಾಂಕಿಗೆ ಯಾಕೆ ಅಲೆದಾಡ್ಬೇಕು?

ಅಲೆದಾಡ್ಬೇಕು. ಶೋರೂಂ ಒಳಗೆ ಟೇಬಲ್ ಹಾಕ್ಕೊಂಡು ಕೂತಿರೋ ಫೈನಾನ್ಸ್ ಎಕ್ಸಿಕ್ಯೂಟಿವ್‌ಗೆ, ಡೀಲರಿಗೆ, ನೀವು ತಗೊಳ್ಳೋ ಸಾಲದ ಮೇಲೆ ಕಮಿಷನ್ ಬರುತ್ತೆ. ಅದು ಅವರ ಕೆಲಸ, ತಪ್ಪೇನಿಲ್ಲ, ಆದ್ರೆ ಅವರು ಮೊದಲು ತೋರ್ಸೋ ರೇಟು ನಿಮಗೆ ಸಿಗಬಹುದಾದ ಅತಿ ಕಮ್ಮಿ ರೇಟು ಆಗಿರ್ಲೇಬೇಕು ಅಂತೇನಿಲ್ಲ. ನಿಮ್ಮ ಸಂಬಳ ಬೀಳೋ ಬ್ಯಾಂಕು, ಒಂದು ಸರ್ಕಾರಿ ಬ್ಯಾಂಕು, ಎರಡು ಕಡೆ ಹೋಗಿ ರೇಟ್ ಬರೆಸ್ಕೊಂಡು ಬನ್ನಿ, ಆಮೇಲೆ ಶೋರೂಂನಲ್ಲಿ ಆ ಚೀಟಿ ತೋರ್ಸಿ ಮಾತಾಡಿ. ಇನ್ಶೂರೆನ್ಸೂ ಹಾಗೇ, ಅಲ್ಲೇ ಮಾಡಿಸ್ಬೇಕು ಅಂತ ಯಾರೂ ಬಲವಂತ ಮಾಡೋ ಹಾಗಿಲ್ಲ. ಹೊಸ ಕಾರಿಗೆ ಥರ್ಡ್ ಪಾರ್ಟಿ 3 ವರ್ಷದ್ದು ಕಡ್ಡಾಯ, ಸ್ವಂತ ಗಾಡಿ ಡ್ಯಾಮೇಜಿನ ಭಾಗ ಒಂದು ವರ್ಷದ್ದು ತಗೊಂಡ್ರೆ ಸಾಕು.

ಇನ್ನೊಂದು, ಲೋನಿನ ಜೊತೆ ಜೀವವಿಮೆ ಥರದ ಒಂದು ಪಾಲಿಸಿ ಸೇರಿಸಿ ಪ್ರೀಮಿಯಂನ ಸಾಲಕ್ಕೇ ಕೂಡಿಸಿರ್ತಾರೆ. ಮನೇಲಿ ದುಡಿಯೋರು ನೀವೊಬ್ರೇ ಆಗಿದ್ರೆ ಅದು ಕೆಟ್ಟದ್ದೇನಲ್ಲ, ಆದ್ರೆ ಹೇಳ್ದೆ ಕೇಳ್ದೆ ಹಾಕಿದ್ರೆ ಪಾಲಿಸಿ ಕೈಗೆ ಬಂದ 30 ದಿನದ ಫ್ರೀ-ಲುಕ್ ಟೈಮಲ್ಲಿ ಬರೆದು ಕೊಟ್ಟು ಕ್ಯಾನ್ಸಲ್ ಮಾಡಿಸಿ.

ಅಷ್ಟೊಂದು ಪೇಪರ್ ಇರುತ್ತೆ, ಎಲ್ಲಾ ಓದೋಕಾಗುತ್ತಾ? ಯಾವುದನ್ನ ಓದ್ಲಿ?

ಕೆಎಫ್‌ಎಸ್ ಕೇಳಿ. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ, ಆರ್‌ಬಿಐ 2024ರ ಅಕ್ಟೋಬರ್ 1ರಿಂದ ಎಲ್ಲಾ ರೀಟೇಲ್ ಸಾಲಕ್ಕೂ ಕಡ್ಡಾಯ ಮಾಡಿದೆ. ಅದರಲ್ಲಿ ಎಪಿಆರ್ ಅಂತ ಒಂದು ನಂಬರ್ ಇರುತ್ತೆ, ಬಡ್ಡಿ, ಪ್ರೋಸೆಸಿಂಗ್ ಫೀಸು, ಸಾಲದ ಜೊತೆ ವಸೂಲಿ ಮಾಡೋ ಇನ್ಶೂರೆನ್ಸು ಎಲ್ಲಾ ಸೇರಿ ವರ್ಷಕ್ಕೆ ನಿಮಗೆ ನಿಜವಾಗ್ಲೂ ಎಷ್ಟು ಪರ್ಸೆಂಟ್ ಬೀಳುತ್ತೆ ಅಂತ. ಎರಡು ಬ್ಯಾಂಕನ್ನ ಹೋಲಿಸೋದಾದ್ರೆ ಆ ನಂಬರ್ ಹೋಲಿಸಿ, ಫ್ಲ್ಯಾಟು ರಿಡ್ಯೂಸಿಂಗು ಅನ್ನೋ ಗೊಂದಲಾನೇ ಇರಲ್ಲ. ಕಂತಿನ ಪೂರ್ತಿ ಪಟ್ಟಿನೂ ಅದರ ಜೊತೆ ಬರುತ್ತೆ. ಕೆಎಫ್‌ಎಸ್‌ನಲ್ಲಿ ಬರೀದೇ ಇರೋ ಚಾರ್ಜನ್ನ ಆಮೇಲೆ ನಿಮ್ಮ ಒಪ್ಪಿಗೆ ಇಲ್ದೆ ಹಾಕೋ ಹಾಗಿಲ್ಲ. ಮತ್ತೆ ಇದು ಬಹಳ ಮುಖ್ಯ, ಸಾಲ ತಗೊಳ್ಳೋರಿಗೆ ಅರ್ಥ ಆಗೋ ಭಾಷೆಯಲ್ಲಿ ಕೊಡ್ಬೇಕು ಅಂತ ನಿಯಮದಲ್ಲೇ ಇದೆ. ಅಂದ್ರೆ ಕನ್ನಡದಲ್ಲಿ ಕೊಡಿ ಅಂತ ಕೇಳೋ ಹಕ್ಕು ನಿಮಗಿದೆ, ದಯವಿಟ್ಟು ಕೇಳಿ, ನಮ್ಮೂರಲ್ಲಿ ಸಾಲ ಮಾಡಿ ನಮಗೆ ಓದೋಕಾಗದ ಕಾಗದಕ್ಕೆ ಯಾಕೆ ಸೈನ್ ಹಾಕ್ಬೇಕು. ಕೊಟ್ಟ ಮೇಲೆ ಕನಿಷ್ಠ ಮೂರು ವರ್ಕಿಂಗ್ ಡೇ ಆ ಷರತ್ತುಗಳು ಹಾಗೇ ಇರ್ಬೇಕು, ಹಾಗಾಗಿ ಮನೆಗೆ ತಗೊಂಡು ಹೋಗಿ ಹೆಂಡ್ತಿ ಹತ್ರ, ಲೆಕ್ಕ ಗೊತ್ತಿರೋರ ಹತ್ರ ತೋರ್ಸಿ. ಈಗ್ಲೇ ಸೈನ್ ಹಾಕಿ ಸಾರ್, ಸಂಜೆ ಆಫರ್ ಮುಗಿಯುತ್ತೆ ಅಂತ ಒತ್ತಾಯ ಮಾಡಿದ್ರೆ ಎದ್ದು ಬನ್ನಿ. ಖಾಲಿ ಫಾರಂಗೆ, ಖಾಲಿ ಚೆಕ್ಕಿಗೆ ಸೈನ್ ಹಾಕ್ಬೇಡಿ.

ಸಿಬಿಲ್ ಸ್ಕೋರ್ ಎಷ್ಟಿರ್ಬೇಕು?

ಸಾಲ ಹೇಗೆ ತೀರಿಸ್ಕೊಂಡು ಬಂದಿದ್ದೀರ ಅಂತ ನೋಡಿ ಕೊಡೋ ಅಂಕ ಇದು, 300ರಿಂದ 900ರವರೆಗೆ ಇರುತ್ತೆ, 750ರ ಆಸುಪಾಸು ಮೇಲೆ ಇದ್ರೆ ರೇಟ್ ಮಾತಾಡೋ ಧೈರ್ಯ ಬರುತ್ತೆ. ಸಿಬಿಲ್ ಅಂತ ಬಾಯಿಮಾತಿಗೆ ಅಂತೀವಿ, ಆದ್ರೆ ಕಂಪನಿಗಳು ನಾಲ್ಕಿವೆ, ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀಯಾಗಿ ಕೊಡ್ಲೇಬೇಕು. ಬುಕಿಂಗ್‌ಗೆ ಎರಡು ಮೂರು ತಿಂಗಳು ಮುಂಚೇನೇ ತೆಗೆದು ನೋಡಿ. ತೀರಿಸಿರೋ ಸಾಲ ಇನ್ನೂ ಓಪನ್ ಅಂತ ಇರೋದು, ಬೇರೆ ಯಾರದೋ ಸಾಲ ನಿಮ್ಮ ಹೆಸರಲ್ಲಿ ಬಂದಿರೋದು ಇದೆಲ್ಲಾ ಸಾಮಾನ್ಯ. ತಕರಾರು ಕೊಟ್ರೆ 30 ದಿನದಲ್ಲಿ ಸರಿ ಮಾಡ್ಬೇಕು, ಇಲ್ಲಾಂದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರ್ಬೇಕು. ನೀವೇ ನಿಮ್ಮ ರಿಪೋರ್ಟ್ ನೋಡಿದ್ರೆ ಸ್ಕೋರ್ ಇಳಿಯಲ್ಲ, ಒಂದೇ ವಾರದಲ್ಲಿ ಏಳೆಂಟು ಕಡೆ ಅರ್ಜಿ ಹಾಕಿದ್ರೆ ಇಳಿಯಬಹುದು.

ಸಂಬಳದ ಸ್ಲಿಪ್ ಇಲ್ಲ, ವ್ಯವಸಾಯ ಮಾಡ್ತೀನಿ, ಅಂಗಡಿ ಇದೆ, ಲೋನ್ ಸಿಗುತ್ತಾ?

ಸಿಗುತ್ತೆ. ಅಂಗಡಿಯವ್ರಿಗೆ ಐಟಿ ರಿಟರ್ನು, ಜಿಎಸ್‌ಟಿ ಇದ್ರೆ ಅದು, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳ್ತಾರೆ. ವ್ಯವಸಾಯಗಾರರಿಗೆ ಪಹಣಿ, ಬೆಳೆ ಮಾರಿದ ಲೆಕ್ಕ. ಎಪಿಎಂಸಿ ದುಡ್ಡು, ಡೈರಿ ಹಾಲಿನ ದುಡ್ಡು ಕೈಯಲ್ಲಿ ತಗೊಳ್ದೆ ಅಕೌಂಟ್‌ಗೇ ಬರೋ ಹಾಗೆ ಮಾಡ್ಕೊಳ್ಳಿ, ಒಂದು ವರ್ಷದ ಸ್ಟೇಟ್‌ಮೆಂಟ್ ನಿಮ್ಮ ಪರವಾಗಿ ಮಾತಾಡುತ್ತೆ. ಅಡಿಕೆ, ಕಾಫಿ ಥರ ವರ್ಷಕ್ಕೊಂದು ಸಲ ದುಡ್ಡು ಬರೋರು ಕಂತು ತಿಂಗಳಿಗೆ ಬೇಡ, ಆರು ತಿಂಗಳಿಗೊಂದು ಮಾಡಿಕೊಡ್ತೀರಾ ಅಂತ ಕೇಳಿ ನೋಡಿ, ಕೆಲವು ಕಡೆ ಒಪ್ತಾರೆ.

ಸ್ನೇಹಿತನಿಗೆ ಜಾಮೀನು ಹಾಕ್ಬಹುದಾ? ಬರೀ ಒಂದು ಸೈನ್ ತಾನೇ?

ಆ ಒಂದು ಸೈನಿನ ಮೇಲೆ ಪೂರ್ತಿ ಸಾಲ ನಿಂತಿದೆ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಕರಾರಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆನೂ ಅಷ್ಟೇ. ಅವನು ಕಟ್ಲಿಲ್ಲ ಅಂದ್ರೆ ಬ್ಯಾಂಕ್ ನಿಮ್ಮನ್ನೇ ಕೇಳುತ್ತೆ, ಆ ಸಾಲ ನಿಮ್ಮ ಕ್ರೆಡಿಟ್ ರಿಪೋರ್ಟಲ್ಲೂ ಕಾಣುತ್ತೆ, ನಾಳೆ ನೀವು ಮನೆ ಸಾಲಕ್ಕೆ ಹೋದಾಗ ಅದನ್ನೂ ಲೆಕ್ಕಕ್ಕೆ ಹಿಡೀತಾರೆ. ಭಾವಮೈದ, ಅಣ್ಣ ತಮ್ಮ ಅಂದಾಗ ಇಲ್ಲ ಅನ್ನೋಕೆ ಆಗಲ್ಲ ಅಂತ ನಂಗೊತ್ತು. ಅವನು ಕಟ್ದೇ ಇದ್ರೆ ಆ ಕಂತು ನಾನು ಕಟ್ಟಬಲ್ಲೆನಾ, ಕಟ್ಟಿದ್ಮೇಲೂ ಅವನ ಜೊತೆ ಮಾತಾಡ್ಬಲ್ಲೆನಾ, ಎರಡಕ್ಕೂ ಹೌದು ಅಂದ್ರೆ ಮಾತ್ರ ಹಾಕಿ.

ಟ್ಯಾಕ್ಸಿ ಓಡಿಸೋಕೆ ಕಾರ್ ತಗೋಬೇಕು, ವೈಟ್ ಬೋರ್ಡ್‌ನಲ್ಲಿ ತಗೊಂಡ್ರೆ ಬಡ್ಡಿ ಕಮ್ಮಿ ಅಂತೆ?

ಬೇಡ. ವೈಟ್ ಬೋರ್ಡ್ ಗಾಡಿ ಬಾಡಿಗೆಗೆ ಓಡ್ಸಿ ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್ ಕ್ಲೇಮ್ ತಿರಸ್ಕಾರ ಆಗ್ಬಹುದು, ಆರ್‌ಟಿಒ ಹಿಡಿದ್ರೆ ದಂಡ ಬೇರೆ. ಹಳದಿ ಬೋರ್ಡ್ ಸಾಲದ ಬಡ್ಡಿ ಜಾಸ್ತಿ, ವರ್ಷ ಕಮ್ಮಿ, ನಿಜ. ಬೆಂಗಳೂರಲ್ಲಿ ಆ್ಯಪ್‌ಗಳು ಹೊಸದಾಗಿ ಬಂದಾಗ ಇನ್ಸೆಂಟಿವ್ ನೋಡಿ ಲೆಕ್ಕ ಹಾಕಿ ಕಾರ್ ತಗೊಂಡವ್ರು ಬಹಳ ಜನ, ಇನ್ಸೆಂಟಿವ್ ಇಳೀತು, ಕಂತು ಇಳೀಲಿಲ್ಲ. ಇನ್ಸೆಂಟಿವ್ ಬಿಟ್ಟು, ಕಮಿಷನ್ ಕಳೆದು, ತಿಂಗಳಲ್ಲಿ ನಾಲ್ಕೈದು ದಿನ ಗಾಡಿ ನಿಲ್ಲುತ್ತೆ ಅಂತ ಇಟ್ಕೊಂಡು ಲೆಕ್ಕ ಹಾಕಿ. ಆಗ್ಲೂ ಕಂತು ಕಳೆದು ಮನೆಗೆ ಅಕ್ಕಿ ಬೇಳೆ ತರೋ ದುಡ್ಡು ಉಳಿದ್ರೆ ತಗೊಳ್ಳಿ.

ಮಧ್ಯದಲ್ಲೇ ಪೂರ್ತಿ ತೀರಿಸಿದ್ರೆ ದಂಡ ಹಾಕ್ತಾರಾ?

ನಿಮ್ಮದು ಫಿಕ್ಸೆಡ್ಡಾ (ಕೊನೇವರೆಗೂ ಒಂದೇ ಬಡ್ಡಿ) ಫ್ಲೋಟಿಂಗಾ (ಏರಿಳಿಯೋ ಬಡ್ಡಿ) ನೋಡಿ. 2026ರ ಜನವರಿ 1ರಿಂದ ಮಂಜೂರಾದ ಫ್ಲೋಟಿಂಗ್ ರೇಟ್ ಸಾಲಕ್ಕೆ, ಸ್ವಂತ ಬಳಕೆಗೆ ತಗೊಂಡಿದ್ರೆ, ಬ್ಯಾಂಕೂ ಎನ್‌ಬಿಎಫ್‌ಸಿನೂ ಮುಂಗಡ ತೀರಿಕೆಗೆ ಚಾರ್ಜ್ ಹಾಕೋ ಹಾಗಿಲ್ಲ ಅಂತ ಆರ್‌ಬಿಐ ಹೇಳಿದೆ. ಆದ್ರೆ ಕಾರ್ ಸಾಲ ಬಹಳಷ್ಟು ಫಿಕ್ಸೆಡ್ ಆಗಿರುತ್ತೆ, ಅದಕ್ಕೆ ಚಾರ್ಜ್ ಇರಬಹುದು, ಎಷ್ಟು ಅಂತ ಕೆಎಫ್‌ಎಸ್‌ನಲ್ಲೇ ಬರೆದಿರುತ್ತೆ. ಫ್ಲೋಟಿಂಗ್‌ನ ಲಾಭ ಅಂದ್ರೆ 2025ರಲ್ಲಿ ರೆಪೊ ರೇಟ್ (ಬ್ಯಾಂಕುಗಳಿಗೆ ಆರ್‌ಬಿಐ ಸಾಲ ಕೊಡೋ ಬಡ್ಡಿ ದರ) 6.5ರಿಂದ 5.25ಕ್ಕೆ ಇಳಿದಾಗ ಅಂಥವರ ಬಡ್ಡಿ ಇಳೀತು, ಫಿಕ್ಸೆಡ್‌ನವ್ರದ್ದು ಹಾಗೇ ಇತ್ತು. ಏರಿದಾಗ ಉಲ್ಟಾ. ಬೋನಸ್ ದುಡ್ಡು ಬಂದ್ರೆ ಮೊದಲ ಎರಡು ವರ್ಷದಲ್ಲೇ ಕಟ್ಟಿ, ಶುರುವಲ್ಲೇ ಬಡ್ಡಿ ಭಾಗ ಜಾಸ್ತಿ ಇರೋದ್ರಿಂದ ಆಗ ಕಟ್ಟಿದ ರೂಪಾಯಿಗೆ ಉಳಿತಾಯ ಜಾಸ್ತಿ.

ಒಂದು ಕಂತು ತಪ್ಪೋಯ್ತು, ಏನಾಗುತ್ತೆ?

ಅಕೌಂಟಲ್ಲಿ ದುಡ್ಡಿಲ್ದೆ ನ್ಯಾಚ್ (ಅಕೌಂಟಿಂದ ಕಂತು ತಾನಾಗೇ ಕಟ್ ಆಗೋ ವ್ಯವಸ್ಥೆ) ವಾಪಸ್ ಹೋದ್ರೆ ಸಾಲ ಕೊಟ್ಟವ್ರ ಬೌನ್ಸ್ ಚಾರ್ಜು, ನಿಮ್ಮ ಬ್ಯಾಂಕಿಂದು ಇನ್ನೊಂದು. ಕಟ್ಟೋ ಹಿಂದಿನ ದಿನವೇ ದುಡ್ಡು ಇರ್ಲಿ. ತಡ ಆಗಿದ್ದಕ್ಕೆ ದಂಡ ಹಾಕ್ಬಹುದು, ಆದ್ರೆ ಅದನ್ನ ಬಡ್ಡಿ ಥರ ಏರಿಸೋ ಹಾಗಿಲ್ಲ, ಅಸಲಿಗೆ ಸೇರಿಸಿ ದಂಡದ ಮೇಲೆ ಬಡ್ಡಿ ಹಾಕೋ ಹಾಗಿಲ್ಲ, 2024ರಿಂದ ಈ ನಿಯಮ ಇದೆ. ಸ್ಟೇಟ್‌ಮೆಂಟ್ ತೆಗೆದು ನೋಡಿ, ಹಾಗೆ ಹಾಕಿದ್ರೆ ಬರೆದು ಕೇಳಿ. 90 ದಿನ ದಾಟಿದ್ರೆ ಎನ್‌ಪಿಎ (ಬ್ಯಾಂಕ್ ಲೆಕ್ಕದಲ್ಲಿ ಕೆಟ್ಟ ಸಾಲ) ಆಗುತ್ತೆ, ಅಲ್ಲಿಂದ ಮೇಲೆ ಸ್ಕೋರ್ ಸರಿ ಮಾಡ್ಕೊಳ್ಳೋಕೆ ವರ್ಷಗಟ್ಲೆ ಬೇಕು. ಕೆಲಸ ಹೋಯ್ತು, ಆಸ್ಪತ್ರೆ ಖರ್ಚು ಬಂತು ಅಂದ್ರೆ ಮೊದಲ ಕಂತು ತಪ್ಪೋಕೆ ಮುಂಚೇನೇ ಬ್ಯಾಂಕಿಗೆ ಹೋಗಿ, ಕಂತು ಮರುಹೊಂದಾಣಿಕೆ ಮಾಡಿಕೊಡಿ ಅಂತ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಂಡು ಬನ್ನಿ. ಫೋನ್ ಎತ್ತದೇ ಇರೋದು ಅತಿ ಕೆಟ್ಟ ದಾರಿ. ಎದುರಿಗೆ ಬಂದು ಕೂತು ಕಷ್ಟ ಹೇಳ್ಕೊಂಡವ್ರಿಗೆ ಏನಾದ್ರೂ ಒಂದು ದಾರಿ ಮಾಡೋಕೆ ನಾವು ಪ್ರಯತ್ನ ಮಾಡ್ತಿದ್ವಿ, ಸಿಗದೇ ಓಡಾಡ್ತಿದ್ದವ್ರ ಫೈಲು ನೇರ ವಸೂಲಿಯವ್ರ ಕೈಗೆ ಹೋಗ್ತಿತ್ತು.

ರೋಡಲ್ಲಿ ಅಡ್ಡ ಹಾಕಿ ಗಾಡಿ ಕಿತ್ಕೊಂಡು ಹೋಗ್ತಾರಂತೆ, ಹಾಗೆ ಮಾಡ್ಬಹುದಾ?

ಬಲವಂತವಾಗಿ ಇಲ್ಲ. ಸಾಲ ವಸೂಲಿಗೆ ಗೂಂಡಾಗಳನ್ನ ಬಿಟ್ಟು ಗಾಡಿ ಎತ್ತಿಸೋ ಹಾಗಿಲ್ಲ, ಕಾನೂನಿನ ದಾರಿಯಲ್ಲೇ ಹೋಗ್ಬೇಕು ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಖಡಕ್ಕಾಗಿ ಹೇಳಿದೆ. ಕರಾರಲ್ಲಿ ಗಾಡಿ ವಶಕ್ಕೆ ತಗೊಳ್ಳೋ ಷರತ್ತು ಇರುತ್ತೆ ನಿಜ, ಆದ್ರೆ ಎಷ್ಟು ದಿನ ಮುಂಚೆ ನೋಟಿಸ್ ಕೊಡ್ಬೇಕು, ಹರಾಜಿಗೆ ಮುಂಚೆ ಕಟ್ಟೋಕೆ ಕೊನೇ ಅವಕಾಶ ಹೇಗೆ ಅನ್ನೋದೂ ಅದರಲ್ಲೇ ಇರ್ಬೇಕು. ಏಜೆಂಟ್ ಬಂದ್ರೆ ಗಾಬರಿ ಆಗ್ಬೇಡಿ, ಐಡಿ ಕಾರ್ಡು, ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಕೇಳಿ ಫೋಟೋ ತಗೊಳ್ಳಿ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿ ಫೋನ್ ಮಾಡೋ ಹಾಗಿಲ್ಲ, ಅಕ್ಕಪಕ್ಕದವ್ರಿಗೆ, ಆಫೀಸಿನವ್ರಿಗೆ ಹೇಳಿ ಮರ್ಯಾದೆ ತೆಗೆಯೋ ಹಾಗೂ ಇಲ್ಲ. ಬೆದರಿಕೆ ಹಾಕಿದ್ರೆ 112ಕ್ಕೆ ಫೋನ್ ಮಾಡಿ. ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ, 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಥವಾ ಸಮಾಧಾನ ಆಗ್ಲಿಲ್ಲ ಅಂದ್ರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನಲ್ಲಿ ಫ್ರೀಯಾಗಿ ದೂರು ಹಾಕ್ಬಹುದು, ಮಾಹಿತಿಗೆ 14448.

ಒಂದು ವಿಷಯ ಮಾತ್ರ ತಿಳ್ಕೊಳ್ಳಿ, ಗಾಡಿ ಕೊಟ್ಬಿಟ್ರೆ ಸಾಲ ಮುಗೀತು ಅಂತ ಅಲ್ಲ. ಹರಾಜಲ್ಲಿ ಬಂದ ದುಡ್ಡು ಕಳೆದು ಮಿಕ್ಕಿದ್ದು ನಿಮ್ಮ ಮೇಲೇ ಇರುತ್ತೆ. ಕಟ್ಟೋಕೆ ಆಗಲ್ಲ ಅಂತ ಗೊತ್ತಾದ್ರೆ ಬ್ಯಾಂಕಿಗೆ ಹೇಳಿ ನೀವೇ ಗಿರಾಕಿ ಹುಡುಕಿ ಮಾರಿ, ಹರಾಜಿಗಿಂತ ಒಳ್ಳೇ ರೇಟ್ ಬರುತ್ತೆ.

ಸಾಲ ಇರುವಾಗ್ಲೇ ಕಾರ್ ಕಳುವಾದ್ರೆ, ಪೂರ್ತಿ ಜಖಂ ಆದ್ರೆ?

ಇನ್ಶೂರೆನ್ಸ್ ದುಡ್ಡು ಮೊದಲು ಬ್ಯಾಂಕಿಗೆ ಹೋಗುತ್ತೆ. ಆ 8 ಲಕ್ಷದ ಕಾರಿಗೆ 8.5 ಲಕ್ಷ ಸಾಲ, 9 ಪರ್ಸೆಂಟು, 7 ವರ್ಷ ಅಂತ ಇಟ್ಕೊಳ್ಳಿ. ಎರಡು ವರ್ಷ ಕಟ್ಟಿದ್ಮೇಲೂ ಬಾಕಿ ಸುಮಾರು 6.59 ಲಕ್ಷ. ಮೂರನೇ ವರ್ಷದಲ್ಲಿ ಕಳುವಾದ್ರೆ ಪಾಲಿಸಿ ಲೆಕ್ಕದಲ್ಲಿ ಕಾರಿನ ಬೆಲೆ 30 ಪರ್ಸೆಂಟ್ ಕಳೆದು 5.6 ಲಕ್ಷ. ಕಾರೂ ಇಲ್ಲ, ಮೇಲೆ 99 ಸಾವಿರ ಕೈಯಿಂದ ಕಟ್ಬೇಕು. ಇದಕ್ಕೇ ಸಾಲ ಜಾಸ್ತಿ ಮಾಡಿರೋರು ಮೊದಲ ಮೂರು ವರ್ಷ ರಿಟರ್ನ್ ಟು ಇನ್‌ವಾಯ್ಸ್ ಅನ್ನೋ, ಸವಕಳಿ ಕಳೀದೆ ಬಿಲ್ ಬೆಲೆ ಕೊಡೋ ಕವರ್ ಹಾಕಿಸ್ಕೊಳ್ಳಿ ಅಂತ ಹೇಳ್ತೀನಿ.

ಸೆಕೆಂಡ್ ಹ್ಯಾಂಡ್ ಕಾರ್ ತಗೊಳ್ತಿದೀನಿ, ಅದರ ಮೇಲೆ ಸಾಲ ಇದ್ರೆ?

ಆರ್‌ಸಿ ನೋಡಿ, ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲೂ ಗಾಡಿ ನಂಬರ್ ಹಾಕಿ ನೋಡಿ, ಬ್ಯಾಂಕಿನ ಹೆಸರಿದ್ರೆ ಸಾಲ ತೀರಿಲ್ಲ ಅಥವಾ ತೀರಿದ್ರೂ ತೆಗೆಸಿಲ್ಲ. ಮಾರೋರು ನೀವು ದುಡ್ಡು ಕೊಡಿ ನಾನು ಕಟ್ತೀನಿ ಅಂದ್ರೆ ಒಪ್ಬೇಡಿ, ಇಬ್ರೂ ಜೊತೇಲಿ ಬ್ಯಾಂಕಿಗೆ ಹೋಗಿ ಬಾಕಿ ಲೆಟರ್ ತಗೊಂಡು ಆ ಸಾಲದ ಅಕೌಂಟ್‌ಗೇ ನೇರ ಕಟ್ಟಿ, ಮಿಕ್ಕಿದ್ದು ಅವರಿಗೆ ಕೊಡಿ.

ಸಾಲಗಾರ ತೀರಿಕೊಂಡ್ರೆ ಮನೆಯವ್ರು ಕಟ್ಬೇಕಾ?

ಕೋ-ಅಪ್ಲಿಕೆಂಟೋ ಜಾಮೀನುದಾರರೋ ಆಗಿದ್ರೆ ಹೌದು. ಇಲ್ದಿದ್ರೆ ತೀರಿಕೊಂಡವ್ರಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರ ಹೊಣೆ, ಅವರ ಸ್ವಂತ ಸಂಪಾದನೆಗೆ ಕೈ ಹಾಕೋ ಹಾಗಿಲ್ಲ. ಮೊದಲು ಆ ಲೋನ್ ಜೊತೆ ಇನ್ಶೂರೆನ್ಸ್ ಪಾಲಿಸಿ ಇತ್ತಾ ಅಂತ ಬ್ಯಾಂಕಲ್ಲಿ ಕೇಳಿ, ಎಷ್ಟೋ ಮನೆಯಲ್ಲಿ ಇರೋದೇ ಗೊತ್ತಿರಲ್ಲ, ದುಃಖದಲ್ಲೇ ಕಂತು ಕಟ್ಕೊಂಡು ಹೋಗ್ತಿರ್ತಾರೆ. ಕಾರ್ ಇಟ್ಕೊಳ್ಳೋದಾದ್ರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾಯಿಸ್ಕೊಳ್ಳಿ.

ಕೊನೇ ಕಂತು ಕಟ್ಟಿದೆ, ಇನ್ನೇನಾದ್ರೂ ಮಾಡೋದಿದ್ಯಾ?

ಇದೆ, ಅರ್ಧ ಜನ ಇಲ್ಲೇ ಬಿಟ್ಬಿಡ್ತಾರೆ, ಐದು ವರ್ಷ ಆದ್ಮೇಲೆ ಕಾರ್ ಮಾರುವಾಗ ನೆನಪಾಗುತ್ತೆ. ಬ್ಯಾಂಕಿಂದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನೋ ಪತ್ರ), ಅವರ ಸಹಿ ಸೀಲ್ ಇರೋ ಫಾರಂ 35 ಎರಡು ಪ್ರತಿ, ಬಾಕಿ ಇಲ್ಲ ಅನ್ನೋ ಪತ್ರ ತಗೊಳ್ಳಿ. ಸಾಲ ತೀರಿದ 30 ದಿನದಲ್ಲಿ ಕಾಗದ ಪತ್ರ ವಾಪಸ್ ಕೊಟ್ಟು ನೋಂದಾಯಿಸಿದ ಹಕ್ಕನ್ನ ತೆಗೀಬೇಕು, ಅವರ ಕಡೆಯಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡ್ಬೇಕು ಅಂತ 2023ರ ಡಿಸೆಂಬರ್‌ನಿಂದ ಆರ್‌ಬಿಐ ನಿಯಮ ಇದೆ, ಬ್ರಾಂಚಲ್ಲಿ ನಾಳೆ ಬಾ ಅಂದ್ರೆ ಇದನ್ನ ನೆನಪಿಸಿ. ಎನ್‌ಒಸಿಗೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ ಬರೆದಿರ್ತಾರೆ, ಅಷ್ಟರೊಳಗೆ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಜೊತೆ ಆರ್‌ಟಿಒದಲ್ಲಿ ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಹೊಸ ಆರ್‌ಸಿ ಬಂದ್ಮೇಲೆ ಇನ್ಶೂರೆನ್ಸ್ ಕಂಪನಿಗೂ ಒಂದು ಮೇಲ್ ಹಾಕಿ ಪಾಲಿಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ, ಇಲ್ಲಾಂದ್ರೆ ನಾಳೆ ಕ್ಲೇಮ್ ದುಡ್ಡು ಬರೋ ಟೈಮಲ್ಲಿ ಮತ್ತೆ ಅದೇ ಎನ್‌ಒಸಿ ಹುಡುಕ್ಬೇಕಾಗುತ್ತೆ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ತೆಗೆದು ಆ ಸಾಲದ ಎದುರಿಗೆ ಕ್ಲೋಸ್ಡ್ ಅಂತ ಬಂದಿದ್ಯಾ ನೋಡಿ. ಸೆಟಲ್ಡ್ (ಪೂರ್ತಿ ಕಟ್ದೆ ರಾಜಿಯಲ್ಲಿ ಮುಗಿಸಿದ್ದು) ಅಂತ ಬಂದಿದ್ರೆ ತಕ್ಷಣ ತಕರಾರು ಹಾಕಿ, ಪೂರ್ತಿ ಕಟ್ಟಿದವ್ರ ಹೆಸರಿನ ಮುಂದೆ ಆ ಪದ ಇರಬಾರ್ದು.